ರಂಗರಾಯರ ಶಾಲೆಯ ದಾರಿ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಭದ್ರಾವತಿಯ ಒಂದು ಪ್ರೌಢಶಾಲೆ, ಎಂಟನೇ ತರಗತಿಯ ಬಿ ವಿಭಾಗ. ಶಿವಮೊಗ್ಗದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಸಮಾಜ ವಿಜ್ಞಾನದಲ್ಲಿ ಸಮಾಜ ಸುಧಾರಕರ ಪಾಠ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ವಾರದ ಹಿಂದಷ್ಟೇ ನಮ್ಮ ಕಾಲೇಜಿನಲ್ಲಿ ಶಾಲಾ ಸುರಕ್ಷತೆಯ ಬಗ್ಗೆ ಒಂದು ದಿನದ ಕಾರ್ಯಾಗಾರ ನಡೆದಿತ್ತು. ಬೆಂಕಿ ಆರಿಸುವ ಉಪಕರಣ, ಹೊರಗೆ ಹೋಗುವ ದಾರಿ, ಶಾಲಾ ವಾಹನ, ಮಕ್ಕಳ ಸಹಾಯವಾಣಿ 1098, ಇವನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಚಾವಣಿಯ ಗರಿಗಳಿಗೆ ಹತ್ತಿ 94 ಮಕ್ಕಳು ಸತ್ತರು. ಅವಿನಾಶ್ ಮೆಹ್ರೋತ್ರಾ ಅವರ ಅರ್ಜಿಯ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಎಂಬುದು ಅದರ ಸಾರ. ಅದನ್ನು ಕೇಳಿದ ಮೇಲೆ ಸುರಕ್ಷತೆ ಎಂದರೆ ಕಟ್ಟಡದ ವಿಷಯ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕುದ್ಮುಲ್ ರಂಗರಾಯರ ಪಾಠ ಸಿದ್ಧಮಾಡಲು ಕುಳಿತಾಗ ಆ ಎಣಿಕೆ ಸ್ವಲ್ಪ ಅಲುಗಾಡಿತು.

ಸುಧಾರಕರೆಂದರೆ ನಾವು ಸಾಮಾನ್ಯವಾಗಿ ಸಾವಿತ್ರಿಬಾಯಿ ಫುಲೆಯವರಿಂದ ಶುರುಮಾಡುತ್ತೇವೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಕೆಸರು, ಸಗಣಿ, ಚೀಲದಲ್ಲಿ ಇನ್ನೊಂದು ಸೀರೆ. ಆ ಕಥೆ ನನ್ನ ತರಗತಿಯ ಮಕ್ಕಳಿಗೆ ಬಾಯಿಪಾಠ. ಹಾಗಾಗಿ ನಮ್ಮ ಕಡೆಯವರನ್ನೇ ಹುಡುಕಿಕೊಂಡೆ. ಮಂಗಳೂರಿನ ರಂಗರಾಯರ ಹೆಸರನ್ನು ತರಗತಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಬಿ.ಎಡ್.ಗೆ ಸೇರುವವರೆಗೆ ನಾನೂ ಕೇಳಿರಲಿಲ್ಲ.

ಅವರು ಹುಟ್ಟಿದ್ದು 1859ರ ಜೂನ್ 29ರಂದು ಕಾಸರಗೋಡಿನಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಊರು, ಈಗ ಕೇರಳದ ಗಡಿ ಜಿಲ್ಲೆ. ಸಾರಸ್ವತ ಬ್ರಾಹ್ಮಣ ಮನೆತನ. ಹದಿಹರೆಯದಲ್ಲೇ ತಂದೆ ತೀರಿಕೊಂಡರು, ಮನೆಯ ಭಾರ ಹೆಗಲಿಗೆ ಬಂತು, ಹುಡುಗ ಮಂಗಳೂರಿಗೆ ಬಂದ. ಮೊದಲು ಹಿಡಿದದ್ದು ಸಣ್ಣ ಸಂಬಳದ ಮೇಷ್ಟ್ರ ಕೆಲಸ. ಕೆಲಸ ಮಾಡುತ್ತಲೇ ಓದಿ ಮೆಟ್ರಿಕ್ಯುಲೇಷನ್ ಮುಗಿಸಿದರು, ಆಮೇಲೆ ವಕೀಲಿ ಪರೀಕ್ಷೆ. ವಕೀಲರಾದ ಮೇಲೆ ಬಡವರ ಮೊಕದ್ದಮೆ ಹಿಡಿಯುವವರು ಎಂದು ಹೆಸರಾಯಿತು. ಮೇಷ್ಟ್ರಾಗಿದ್ದವರು ವಕೀಲರಾದದ್ದು, ವಕೀಲರಾದವರು ಮತ್ತೆ ಶಾಲೆಗೇ ಬಂದದ್ದು, ಪ್ರಶಿಕ್ಷಣಾರ್ಥಿಗಳಾದ ನಮಗೆ ಸ್ವಲ್ಪ ಹೆಮ್ಮೆಯ ಸಂಗತಿ ಎಂದು ಇಲ್ಲಿ ಸೇರಿಸುತ್ತೇನೆ.

ಮಂಗಳೂರಿನಲ್ಲಿ ಆಗ ಬ್ರಹ್ಮಸಮಾಜದ ಗಾಳಿ ಬೀಸುತ್ತಿತ್ತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳು. ರಂಗರಾಯರೂ ಆ ಬಳಗ ಸೇರಿದರು. ಅದೇ ಕಾಲದಲ್ಲಿ ಅಕ್ಷರ ಕಲಿತ ಬೆಂದೂರು ಬಾಬು ಎಂಬ ದಲಿತ ಯುವಕನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿದ್ದಕ್ಕೆ ಊರಿನ ಮೇಲ್ಜಾತಿಯವರು ರೊಚ್ಚಿಗೆದ್ದರಂತೆ. ಒಬ್ಬ ಜವಾನನನ್ನು ಸಹಿಸದ ಊರಿನಲ್ಲಿ ಅವನಂಥವರ ಮಕ್ಕಳಿಗೆ ಶಾಲೆ ತೆರೆದರೆ ಏನಾಗಬಹುದೆಂದು ವಕೀಲರಾದ ರಂಗರಾಯರಿಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿದ್ದೂ 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ದಲಿತ ಮಕ್ಕಳಿಗೆ ಶಾಲೆ ಆರಂಭಿಸಿದರು.

ಇಲ್ಲಿಂದ ಮುಂದಿನದನ್ನು ನಾನು ತರಗತಿಯಲ್ಲಿ ನಿಧಾನವಾಗಿ ಹೇಳಿದೆ. ಪಾಠ ಯೋಜನೆಯಲ್ಲಿ ಇದಕ್ಕೆ ಆರು ನಿಮಿಷ ಇಟ್ಟಿದ್ದೆ, ಇಡೀ ಅವಧಿ ಮುಗಿದುಹೋಯಿತು. ವೀಕ್ಷಣಾ ಪುಸ್ತಕದಲ್ಲಿ ಸಮಯ ಪಾಲನೆಗೆ ಅಂಕ ಹೋಯಿತು.

ಶಾಲೆ ಎಂದರೆ ನಾಲ್ಕು ಗೋಡೆ, ಒಬ್ಬ ಮೇಷ್ಟ್ರು, ಮಕ್ಕಳು. ಈ ಮೂರಕ್ಕೂ ಅಲ್ಲಿ ಆಪತ್ತಿತ್ತು. ಪಾಠ ಹೇಳಲು ಮೇಲ್ಜಾತಿಯ ಹಿಂದೂಗಳು ಯಾರೂ ಮುಂದೆ ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಕರೆತಂದರು. ದಾರಿಯಲ್ಲಿ ಅವರ ಮೇಲೂ ಮಕ್ಕಳ ಮೇಲೂ ರಂಗರಾಯರ ಮೇಲೂ ಕಲ್ಲು, ಹೊಲಸು ಬಿದ್ದವು. ಜಾತಿಯವರು ಅವರ ಕುಟುಂಬವನ್ನು ಹೊರಗಿಟ್ಟರು. ಇನ್ನು ಗೋಡೆ. ಮನೆ ಬಾಡಿಗೆಯದು. ಸುತ್ತಲಿನವರ ವಿರೋಧದಿಂದ ಶಾಲೆ ಒಂದೆಡೆ ನಿಲ್ಲಲಾಗದೆ ಜಾಗ ಬದಲಿಸಬೇಕಾಯಿತು.

ಈ ಹಂತದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಅಷ್ಟು ತೊಂದರೆ ಇದ್ದರೆ ಸುಮ್ಮನೆ ರಜೆ ಕೊಡಬಹುದಿತ್ತಲ್ಲ ಮಿಸ್ ಎಂದು ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಜಿಲ್ಲೆಯ ಮಕ್ಕಳಿಗೆ ಮಳೆಗೂ ರಜೆ, ಗಲಾಟೆಗೂ ರಜೆ. 2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಹಾಕಿದಾಗ ಶಾಲೆಗಳು ಮುಚ್ಚಿದ್ದು ಅವರಿಗೆ ನೆನಪಿದೆ. ಒಂದೆರಡು ದಿನ ಮುಚ್ಚುವುದು ಬೇರೆ. ರಂಗರಾಯರ ಶಾಲೆಗೆ ಕಲ್ಲು ಎಸೆದವರಿಗೆ ಬೇಕಾಗಿದ್ದದ್ದೇ ಆ ಶಾಲೆ ಮುಚ್ಚುವುದು. ಮಕ್ಕಳ ಕ್ಷೇಮಕ್ಕೆಂದೇ ಮುಚ್ಚಿದ್ದರೂ ಆ ಮಕ್ಕಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಇದನ್ನು ಅವನಿಗೆ ವಿವರಿಸಿದೆ. ಅರ್ಧ ಒಪ್ಪಿದ ಹಾಗೆ ತಲೆಯಾಡಿಸಿ ಕುಳಿತ.

ರಂಗರಾಯರು ಶಾಲೆಯನ್ನು ಮುಚ್ಚಲಿಲ್ಲ, ಎತ್ತಿಕೊಂಡು ನಡೆದರು. ಒಂದು ಕಡೆ ಬಾಗಿಲು ಹಾಕಿದರೆ ಇನ್ನೊಂದು ಕಡೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಮುಂಬಯಿಯಲ್ಲಿ ವಿಠಲ ರಾಮಜಿ ಶಿಂದೆಯವರು ಅದೇ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದ್ದು 1906ರಲ್ಲಿ, ಅಂದರೆ ಮಂಗಳೂರಿನದು ಒಂಬತ್ತು ವರ್ಷ ಮುಂಚಿನದು. ಕೊನೆಗೆ ಕೋಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಸಂಸ್ಥೆ ತನ್ನದೇ ನೆಲದಲ್ಲಿ ನೆಲೆ ನಿಂತಿತು. ನನ್ನ ಲೆಕ್ಕದಲ್ಲಿ ಅವರ ಕೆಲಸಗಳಲ್ಲಿ ಅತಿ ಜಾಣತನದ್ದು ಇದು. ಸ್ವಂತ ನೆಲದಲ್ಲಿರುವ ಶಾಲೆಯನ್ನು ನಾಳೆ ಖಾಲಿ ಮಾಡಿ ಎನ್ನಲು ಯಾರಿಗೂ ಆಗುವುದಿಲ್ಲ. ವಕೀಲರಲ್ಲವೇ, ಕಾಗದಪತ್ರದ ಬಲ ಅವರಿಗೆ ತಿಳಿದಿತ್ತು.

ಗೋಡೆ ಗಟ್ಟಿಯಾದ ಮೇಲೂ ಮಕ್ಕಳು ಬರಬೇಕಲ್ಲ. ಕೂಲಿಗೆ ಹೋದರೆ ಮನೆಗೆ ನಾಲ್ಕು ಕಾಸು ತರುವ ಮಗುವನ್ನು ಯಾವ ತಾಯಿ ಶಾಲೆಗೆ ಕಳಿಸುತ್ತಾಳೆ? ಅದಕ್ಕೆ ರಂಗರಾಯರು ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಟ್ಟರು. ಮಗುವನ್ನು ಕಳಿಸಿದ ತಂದೆತಾಯಿಗೆ ಒಂದಿಷ್ಟು ಹಣವನ್ನೂ ಕೊಟ್ಟರಂತೆ. ನಾವು ಇಂದು ಬಿಸಿಯೂಟ, ಪ್ರೋತ್ಸಾಹಧನ ಎಂದು ಕರೆಯುವುದನ್ನು ಅವರು ಯಾವ ಸರ್ಕಾರಿ ಸುತ್ತೋಲೆಯೂ ಇಲ್ಲದೆ ಮಾಡಿದ್ದರು. ಓದಿನ ಜೊತೆಗೆ ನೇಯ್ಗೆಯಂಥ ಕೈಕಸುಬು ಕಲಿಸಿದರು. ಮನೆಯಿಲ್ಲದ ಕುಟುಂಬಗಳಿಗೆ ನೆಲ ದೊರಕಿಸಿ ನೆಲೆಗೊಳಿಸಲು ಓಡಾಡಿದರು. ಮಕ್ಕಳು ಯಾಕೆ ಬರುತ್ತಿಲ್ಲ ಎಂದು ಹಾಜರಿ ಪುಸ್ತಕ ಹಿಡಿದು ಗದರುವ ಬದಲು ಬರದಂತೆ ತಡೆಯುವ ಒಂದೊಂದೇ ಕಾರಣವನ್ನು ದಾರಿಯಿಂದ ತೆಗೆದರು.

ಮನೆಯಲ್ಲೂ ಅವರು ಹೇಳಿದ್ದನ್ನೇ ಮಾಡಿದವರು. ಮಗಳು ರಾಧಾಬಾಯಿ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತದ ಮಹಿಳೆಯರಲ್ಲಿ ಒಬ್ಬರು. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ ರಂಗರಾಯರ ಮೊಮ್ಮಗ. ಸೇನೆ ಎಂದ ಕೂಡಲೇ ಹುಡುಗರ ಕಿವಿ ನೆಟ್ಟಗಾಯಿತು.

ಕಾಲದ ಅಂದಾಜು ಸಿಗಲೆಂದು ನಾನು ಭದ್ರಾವತಿಯ ಕಾರ್ಖಾನೆಯನ್ನು ಹಿಡಿದುಕೊಂಡೆ. 1923ರಲ್ಲಿ ಇಲ್ಲಿ ಕಬ್ಬಿಣ ಕರಗತೊಡಗಿದಾಗ ಮಂಗಳೂರಿನಲ್ಲಿ ರಂಗರಾಯರು ಅರವತ್ತು ದಾಟಿದ ಮುದುಕ, ಅವರ ಮೊದಲ ಶಾಲೆಗೆ ಮೂವತ್ತು ದಾಟಿತ್ತು. ತರಗತಿಯಲ್ಲಿ ಮೂರು ನಾಲ್ಕು ಮಕ್ಕಳ ಮುತ್ತಜ್ಜಂದಿರು ಅದೇ ಕಾರ್ಖಾನೆಗೆ ಬಂದು ನೆಲೆಸಿದವರು. ಇಸವಿಗಳಿಗೆ ಆಗದ ಕೆಲಸ ಇದರಿಂದ ಆಯಿತು. ಮುಂದಿನ ವರ್ಷ ಈ ಪಾಠ ಮಾಡುವ ಮಿತ್ರರು ಇದನ್ನು ಬಳಸಿಕೊಳ್ಳಬಹುದು.

1927ರಲ್ಲಿ ಅವರು ಸನ್ಯಾಸ ಹಿಡಿದು ಈಶ್ವರಾನಂದ ಎಂಬ ಹೆಸರು ಪಡೆದರು. ಮರುವರ್ಷ, 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ಊರಿನ ಕಸ ಬಳಿಯುವವರೇ ಹೊರಬೇಕೆಂದು ಅವರು ಬಯಸಿದ್ದರು ಎಂಬುದು ಮಂಗಳೂರಿನಲ್ಲಿ ಪ್ರಸಿದ್ಧ. ಆರು ವರ್ಷಗಳ ನಂತರ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಮಂಗಳೂರಿಗೆ ಬಂದಾಗ ಆ ಸಂಸ್ಥೆಯನ್ನು ನೋಡಿ ಹೋದರು. ಈಗ ಅಲ್ಲಿನ ಪುರಭವನಕ್ಕೆ ರಂಗರಾಯರ ಹೆಸರಿದೆ.

ಪಾಠ ಇಲ್ಲಿಗೆ ಮುಗಿಯಬೇಕಿತ್ತು. ಮೌಲ್ಯಮಾಪನಕ್ಕೆ ಐದು ಪ್ರಶ್ನೆ ಸಿದ್ಧವಾಗಿದ್ದವು. ಮರುದಿನ ಅವನ್ನು ಬಿಟ್ಟು ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. ಮನೆಯಿಂದ ಶಾಲೆಯವರೆಗಿನ ದಾರಿ ಬರೆದು, ಹೆದರಿಕೆಯಾಗುವ ಕಡೆ ಕೆಂಪು ಚುಕ್ಕೆ ಇಡಿ ಎಂದೆ. ಹೆಸರು ಬರೆಯುವುದು ಬೇಡ ಎಂದೂ ಹೇಳಿದೆ. ಇಂಥದ್ದನ್ನು ಕಾರ್ಯಾಗಾರದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ರಂಗರಾಯರ ಶಾಲೆಯ ಮಕ್ಕಳು ಬರೆದಿದ್ದರೆ ಅವರ ಚುಕ್ಕೆಗಳು ಎಲ್ಲಿರುತ್ತಿದ್ದವು ಎಂದು ಯೋಚಿಸುತ್ತಾ ಹೊಳೆದದ್ದು ಅಷ್ಟೇ.

ಕೆಲವು ಚುಕ್ಕೆಗಳು ನಾನು ಎಣಿಸಿದಲ್ಲೇ ಇದ್ದವು. ಜಲಾಶಯದಿಂದ ನೀರು ಬಿಟ್ಟಾಗ ಮುಳುಗುವ ಸೇತುವೆ, ಲಾರಿ ತಿರುಗುವ ಹೆದ್ದಾರಿಯ ಬಾಯಿ, ಬೀದಿನಾಯಿಗಳ ಸಂದು. ಮದ್ಯದಂಗಡಿಯ ಮೂಲೆಗೆ ಹನ್ನೊಂದು ಚುಕ್ಕೆ. ಒಂಬತ್ತು ಹಾಳೆಗಳಲ್ಲಿ ಚುಕ್ಕೆ ಇದ್ದದ್ದು ಶಾಲೆಯ ಕಾಂಪೌಂಡಿನ ಒಳಗೆ, ಹುಡುಗಿಯರ ಶೌಚಾಲಯದ ಮೇಲೆ. ಹೋಗಿ ನೋಡಿದರೆ ಬಾಗಿಲಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹಾಗೆ ನಿಲ್ಲಲು ಗೆಳತಿ ಸಿಗದ ದಿನ ಕೆಲವರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲವಂತೆ. ಊಟದ ನಂತರ ಎರಡು ಬೆಂಚು ಖಾಲಿಯಾಗುವುದನ್ನು ನಾನು ಹತ್ತು ದಿನದಿಂದ ನೋಡಿದ್ದೆ, ನನ್ನ ಪಾಠ ಬೇಸರವಾಗಿರಬೇಕು ಎಂದುಕೊಂಡಿದ್ದೆ.

ಹಾಳೆಗಳನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಲು ನನಗೆ ಎರಡು ದಿನ ಹಿಡಿಯಿತು. ನನ್ನ ಅಂಕಪಟ್ಟಿಗೆ ಸಹಿ ಹಾಕಬೇಕಾದವರು ಅವರೇ. ನಾಲ್ಕು ವಾರಕ್ಕೆಂದು ಬಂದವಳು ತಪ್ಪು ಹುಡುಕುತ್ತಿದ್ದಾಳೆ ಎಂದುಕೊಂಡಾರು ಎಂಬ ಹಿಂಜರಿಕೆ ಇತ್ತು. ಮಾರ್ಗದರ್ಶಕ ಶಿಕ್ಷಕಿಯ ಬಳಿ ಮೊದಲು ಹೇಳಿಕೊಂಡೆ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿ, ಮಾತಾಡದೆ ನನ್ನ ಜೊತೆ ಎದ್ದು ಬಂದರು. ಮುಖ್ಯೋಪಾಧ್ಯಾಯರು ಬೇಸರಪಟ್ಟುಕೊಳ್ಳಲಿಲ್ಲ. ಕಟ್ಟಡ ದುರಸ್ತಿಯ ಪಟ್ಟಿಯಲ್ಲಿ ಚಿಲಕವೂ ಸೇರಿ ಅನುದಾನಕ್ಕೆ ಕಾಯುತ್ತಿತ್ತಂತೆ. ಚಿಲಕಕ್ಕೆ ಅನುದಾನ ಯಾಕೆ ಎಂದು ಶಿಕ್ಷಕಿ ಕೇಳಿದರು. ಶನಿವಾರ ಬಡಗಿಯೊಬ್ಬರು ಬಂದು ಎರಡೂ ಬಾಗಿಲಿಗೆ ಹಾಕಿ ಹೋದರು.

ಮದ್ಯದಂಗಡಿಯ ಮೂಲೆಗೆ ಹಾಕಲು ಅಂಥ ಚಿಲಕ ಇರಲಿಲ್ಲ. ಉಳಿದ ಹನ್ನೆರಡು ದಿನ ಸಂಜೆ ಆ ಕಡೆ ಹೋಗುವ ಮಕ್ಕಳ ಜೊತೆ ಅಂಗಡಿ ದಾಟುವವರೆಗೆ ನಡೆದು, ಆಮೇಲೆ ತಿರುಗಿ ಬಂದು ಬಸ್ಸು ಹಿಡಿಯುತ್ತಿದ್ದೆ. ಶಿವಮೊಗ್ಗ ತಲುಪುವಾಗ ಕತ್ತಲಾಗಿರುತ್ತಿತ್ತು, ಹಾಸ್ಟೆಲಿನಲ್ಲಿ ಮಾತು ಕೇಳಬೇಕಾಗುತ್ತಿತ್ತು.

ಕೊನೆಯ ದಿನ ಮಕ್ಕಳು ತಾವಾಗಿಯೇ ಇನ್ನೊಂದು ನಕ್ಷೆ ಮಾಡಿ ತಂದುಕೊಟ್ಟರು, ಎಲ್ಲರದೂ ಸೇರಿಸಿ ಒಂದು ದೊಡ್ಡ ಹಾಳೆಯಲ್ಲಿ. ಶೌಚಾಲಯದ ಮೇಲೆ ಕೆಂಪು ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಚುಕ್ಕೆ ಹಾಗೇ ಇತ್ತು, ಅದರ ಪಕ್ಕದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಂದು ಹೆಂಗಸಿನ ಚಿತ್ರ. ನಾಳೆಯಿಂದ ನಾನು ಅಲ್ಲಿ ಇರುವುದಿಲ್ಲವಲ್ಲ ಎಂದು ಮಾರ್ಗದರ್ಶಕ ಶಿಕ್ಷಕಿಗೆ ಆ ಹಾಳೆ ಕೊಟ್ಟೆ. ಅವರು ಅದನ್ನು ಮಡಚಿ ತಮ್ಮ ದಿನಚರಿ ಪುಸ್ತಕದೊಳಗೆ ಇಟ್ಟುಕೊಂಡು, ನಾನು ಸಂಜೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದದ್ದು ಎಷ್ಟು ಗಂಟೆಗೆ ಎಂದು ಕೇಳಿದರು.