ಸಲೀಂ ಅಲಿಯವರ ದುಃಖದ ವರ್ಷ

ಡಾ. ಸಲೀಂ ಅಲಿಯವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇದ್ದೇ ಇರುತ್ತದೆ. ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ, ಭಾರತದ ಹಕ್ಕಿಗಳ ಬಗ್ಗೆ 10 ಸಂಪುಟಗಳ ಗ್ರಂಥ, ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಾನು ಬರೆಯಬೇಕೆಂದಿರುವುದು ಬೇರೆ. ಬದುಕು ಎರಡು ಸಲ ಕೈಕೊಟ್ಟಾಗ ಅವರು ಎಲ್ಲಿಗೆ ಹೋದರು ಎಂಬುದು. ಎರಡನೆಯ ಸಲ ಅವರು ಬಂದದ್ದು ನಮ್ಮ ಮೈಸೂರು ಸಂಸ್ಥಾನದ ಕಾಡುಗಳಿಗೆ.

1896ರ ನವೆಂಬರ್ 12ರಂದು ಮುಂಬೈಯಲ್ಲಿ ಹುಟ್ಟಿದ ಅವರು ಮನೆಯ ಕೊನೆಯ ಮಗು. ಒಂದು ವರ್ಷದವರಿದ್ದಾಗ ತಂದೆ, ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಸಾಕಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ. ಮಾವನವರಿಗೆ ಬೇಟೆಯ ಹುಚ್ಚು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ನಮ್ಮ ಅರಳಗುಪ್ಪೆಯ ತೋಟಗಳಲ್ಲಿ ಹುಡುಗರು ಗುಲೇಲ್ ಹಿಡಿದು ತಿರುಗುವ ಹಾಗೆ ಅವರೂ ಗುಬ್ಬಿ ಹೊಡೆಯುತ್ತಾ ತಿರುಗಿದರು. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ? ಮಾವನಿಗೂ ಗೊತ್ತಾಗಲಿಲ್ಲ. ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಹತ್ತಿ ತುಂಬಿಟ್ಟ ನೂರಾರು ಹಕ್ಕಿಗಳನ್ನು ಡ್ರಾಯರ್ ಎಳೆದೆಳೆದು ತೋರಿಸಿದರು. ಬೇಟೆಯ ಹುಡುಗ ಹಕ್ಕಿಗಳ ಹುಡುಗನಾದದ್ದು ಅಲ್ಲಿಂದ.

ಮುಂದೆ ಬರ್ಮಾದಲ್ಲಿ ವ್ಯಾಪಾರ ಮಾಡಿ ಸೋತರು. ಮುಂಬೈಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಹೆಚ್ಚಿನ ತರಬೇತಿಗೆಂದು ಜರ್ಮನಿಗೆ ಹೋಗಿ 1930ರಲ್ಲಿ ಹಿಂತಿರುಗಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಮನೆಯಲ್ಲಿ ಹೆಂಡತಿ ತಹಮೀನಾ, ಕೈಯಲ್ಲಿ ಕೆಲಸವಿಲ್ಲ. ಇಬ್ಬರೂ ಮುಂಬೈಗೆ ಹತ್ತಿರದ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸ ಕಳೆದುಕೊಂಡ ಮನುಷ್ಯ ತಿಂಗಳುಗಟ್ಟಲೆ ಅವನ್ನೇ ನೋಡುತ್ತಾ ಕೂತರು.

ಗೀಜಗವನ್ನು ತಿಪಟೂರು ಸೀಮೆಯವರಿಗೆ ನಾನೇನು ಪರಿಚಯಿಸಬೇಕಾಗಿಲ್ಲ. ತೆಂಗಿನ ಗರಿಯ ತುದಿಯಲ್ಲಿ, ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಅದರ ಗೂಡು ತೂಗುತ್ತಿರುತ್ತದೆ. ಆದರೆ ಕೆಲವು ಗೂಡು ಅರ್ಧಕ್ಕೇ ನಿಂತಿರುವುದು ಯಾಕೆಂದು ನಾನು ಯೋಚಿಸಿರಲಿಲ್ಲ. ಸಲೀಂ ಅಲಿ ನೋಡಿ ಹೇಳಿದರು: ಗಂಡು ಅರ್ಧ ಗೂಡು ನೇಯ್ದು ಹೆಣ್ಣನ್ನು ಕರೆಯುತ್ತದೆ. ಅವಳು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಅವಳು ಮೊಟ್ಟೆಯಿಟ್ಟು ಕೂತ ಮೇಲೆ ಗಂಡು ಇನ್ನೊಂದು ಗೂಡು ಶುರುಮಾಡಿ ಮತ್ತೊಬ್ಬಳನ್ನು ಕರೆಯುತ್ತದೆ. ಯಾರಿಗೂ ಸರಿಯಾಗಿ ತಿಳಿಯದಿದ್ದ ಈ ಸಂಗತಿಯಿಂದ ಅವರಿಗೆ ಹೆಸರು ಬಂತು. ಸಂಬಳ ಮಾತ್ರ ಬರಲಿಲ್ಲ.

ಆಮೇಲೆ ಅವರು ಒಂದೊಂದೇ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಹೊರಟರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ. ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ ಎಂಬುದು ಅವರ ಷರತ್ತು. ಕಾಡಿನ ಡೇರೆಗಳಲ್ಲಿ ತಹಮೀನಾ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿಯವರಿಗೆ ಆಗ 42 ವರ್ಷ. ಮಕ್ಕಳಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ.

ಮೈಸೂರಿನ ಸಮೀಕ್ಷೆ ನಡೆದದ್ದು ಅದರ ಬೆನ್ನಿಗೇ, 1939-40ರಲ್ಲಿ. ಸಮೀಕ್ಷೆಯೆಂದರೆ ಬೈನಾಕ್ಯುಲರ್ ಹಿಡಿದು ತಿರುಗಾಡುವುದಷ್ಟೇ ಅಲ್ಲ. ಬೆಳಗಿನ ಜಾವ ಬಂದೂಕು ಹಿಡಿದು ಹೊರಡಬೇಕು, ಬೇಕಾದ ಹಕ್ಕಿಯನ್ನು ಹೊಡೆಯಬೇಕು, ಚರ್ಮ ಬಿಡಿಸಿ ಹತ್ತಿ ತುಂಬಿ, ಊರು ತಾರೀಖು ಬರೆದ ಚೀಟಿಯನ್ನು ಕಾಲಿಗೆ ಕಟ್ಟಬೇಕು. ಮರುದಿನ ಮತ್ತೆ ಅದೇ. ಕಳೆದ ವರ್ಷ ನಮ್ಮ ದಾದಿ ತೀರಿಹೋದಾಗ ಅಬ್ಬಾ ಮೂರು ದಿನ ಕಳೆದ ಮೇಲೆ ಯಾರ ಹತ್ತಿರವೂ ಮಾತಾಡದೆ ತೋಟಕ್ಕೆ ಹೋಗಿ ತೆಂಗಿನ ಪಾತಿ ಬಿಡಿಸತೊಡಗಿದರು. ಆಗ ನನಗೆ ಅದು ಅರ್ಥವಾಗಿರಲಿಲ್ಲ. ಮೈಸೂರಿನ ಕಾಡಿನಲ್ಲಿ ಚೀಟಿ ಬರೆಯುತ್ತಾ ಕೂತ ಈ ಮನುಷ್ಯನ ಬಗ್ಗೆ ಓದಿದಾಗ ಸ್ವಲ್ಪ ಅರ್ಥವಾಯಿತು.

ಹಕ್ಕಿಯನ್ನು ಪ್ರೀತಿಸುವವರು ಹೊಡೆಯುವುದು ಹೇಗೆ ಎಂದು ನಮ್ಮ ತರಗತಿಯಲ್ಲಿ ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇವತ್ತು ಬಿಲ್ಲಾಗಲಿ ಬಂದೂಕಾಗಲಿ, ಕಾಡುಪ್ರಾಣಿ ಹಕ್ಕಿಗಳ ಬೇಟೆಗೆ 1972ರ ಕಾನೂನಿನ ತಡೆಯಿದೆ. ಆ ಕಾಲದಲ್ಲಿ ಕೈಯಲ್ಲಿ ಹಿಡಿದು ಅಳೆಯದೆ ಎಷ್ಟೋ ಹಕ್ಕಿಗಳ ಜಾತಿಯನ್ನು ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಇಷ್ಟು ತಿಳಿದ ಮೇಲೂ ನನಗೆ ಆ ಡ್ರಾಯರುಗಳ ಸಾಲು ನೆನೆದರೆ ಸಂಕಟವೇ ಆಗುತ್ತದೆ. ಅವರೇ ಮುಂದೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಹಾರಲು ಬಿಡುವ ದೊಡ್ಡ ಕಾರ್ಯವನ್ನು ನಡೆಸಿದರು.

1941ರಲ್ಲಿ ಭಾರತದ ಹಕ್ಕಿಗಳನ್ನು ಸಾಮಾನ್ಯ ಓದುಗರಿಗೆ ಪರಿಚಯಿಸುವ ಅವರ ಪುಸ್ತಕ ಬಂತು. ಮೈಸೂರಿನ ಹಕ್ಕಿಗಳ ವರದಿ ಆಮೇಲೆ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಅಚ್ಚಾಯಿತು. 1987ರ ಜೂನ್ 20ರಂದು, 90 ದಾಟಿದ ವಯಸ್ಸಿನಲ್ಲಿ, ಅವರು ನಿಧನರಾದರು.

ತಹಮೀನಾ ಹೋದ ಮರುವರ್ಷ, 1940ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಮರಿ ಮಾಡುವುದನ್ನು ಅವರು ಗಮನಿಸಿದರು. ಆ ಜಾಗವನ್ನು ಕಾಪಾಡಬೇಕೆಂದು ಮೈಸೂರು ಅರಸರ ಮನವೊಲಿಸಿದರು. ಅದೇ ರಂಗನತಿಟ್ಟು. ಮೈಸೂರಿಗೆ ಪ್ರವಾಸ ಹೋದಾಗ ನಾವು ದೋಣಿಯಲ್ಲಿ ಕೂತು ನೋಡುವ ಕೊಕ್ಕರೆಗಳು ಆ ನಡುಗಡ್ಡೆಗಳಲ್ಲೇ ಇವತ್ತಿಗೂ ಗೂಡು ಕಟ್ಟುತ್ತಿವೆ.