ಶಿವಪ್ಪ ನಾಯಕ ಮತ್ತು ಸಮುದ್ರ

ಶಿವಪ್ಪ ನಾಯಕ ಅಂದ ಕೂಡಲೆ ನಮಗೆಲ್ಲ ನೆನಪಿಗೆ ಬರುವುದು ‘ಶಿಸ್ತು’. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅದನ್ನೇ ಬರೆಯುತ್ತೇವೆ. ಆದರೆ ಸಮುದ್ರದ ವಿಷಯದಲ್ಲಿ ಆತ ಮಾಡಿದ್ದು ಅದಕ್ಕಿಂತ ದೊಡ್ಡದು ಅಂತ ನನಗನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಶಿವಪ್ಪ ನಾಯಕ 1645ರಲ್ಲಿ ಕೆಳದಿ ರಾಜ್ಯದ ಪಟ್ಟಕ್ಕೆ ಬಂದ. ರಾಜಧಾನಿ ಬಿದನೂರು. ಈಗ ಅದಕ್ಕೆ ನಗರ ಅಂತಾರೆ, ಹೊಸನಗರ ತಾಲ್ಲೂಕಿನಲ್ಲಿದೆ. ಘಟ್ಟದ ಮೇಲೆ ಮೆಣಸು, ಅಡಿಕೆ. ಘಟ್ಟದ ಕೆಳಗೆ ಭತ್ತದ ಗದ್ದೆಗಳು. ಎತ್ತುಗಳ ಬೆನ್ನ ಮೇಲೆ ಹೇರು ಹಾಕಿ ಘಟ್ಟ ಇಳಿಸುತ್ತಿದ್ದರು. ಆಗ ಲಾರಿ ಎಲ್ಲಿತ್ತು! ಅಷ್ಟು ಕಷ್ಟಪಟ್ಟು ಬಂದರಿಗೆ ತಂದರೆ ಅಲ್ಲಿ ಬಾಗಿಲಲ್ಲೇ ಪೋರ್ಚುಗೀಸರು ಕೂತಿದ್ದರು.

ಅವರು 1568-69ರ ಹೊತ್ತಿಗೇ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ನೆಲೆಯೂರಿ ಕೋಟೆ ಮಾಡಿಕೊಂಡಿದ್ದರು. ಸಮುದ್ರದಲ್ಲಿ ಯಾರ ಹಡಗು ಹೋಗಬೇಕಾದರೂ ಅವರ ಪರವಾನಗಿ ಚೀಟಿ ಬೇಕು. ಚೀಟಿ ಇಲ್ಲದಿದ್ದರೆ ಹಡಗನ್ನೇ ಹಿಡಿದುಕೊಳ್ಳುತ್ತಿದ್ದರು. ನಮ್ಮ ಗದ್ದೆಯಲ್ಲಿ ಬೆಳೆದ ಭತ್ತವನ್ನು ನಾವು ಸಂತೆಗೆ ಒಯ್ಯಲು ಇನ್ಯಾರದೋ ಚೀಟಿ ಕೇಳಬೇಕು ಅಂದರೆ ಹೇಗಿರುತ್ತೆ ನೀವೇ ಯೋಚಿಸಿ.

ಪೋರ್ಚುಗೀಸರ ಹಾಗೆ ದೊಡ್ಡ ಯುದ್ಧದ ಹಡಗುಗಳು ಶಿವಪ್ಪ ನಾಯಕನ ಹತ್ತಿರ ಇರಲಿಲ್ಲ. ಸಮುದ್ರದ ಮೇಲೆ ಹೋಗಿ ಅವರನ್ನು ಗೆಲ್ಲುವುದು ಆಗದ ಮಾತು. ಆದರೆ ಅವರ ಕೋಟೆಗಳು ಇದ್ದದ್ದು ನೆಲದ ಮೇಲೆ ತಾನೇ? ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಗೋವಾದಿಂದ ಅವರ ಹಡಗು ಬರುವುದೂ ಕಷ್ಟ. ಇನ್ನೊಂದು ವಿಷಯ ಓದಿದಾಗ ನನಗೆ ನಗು ಬಂತು. ಗೋವಾದ ಪೋರ್ಚುಗೀಸರಿಗೆ ಊಟಕ್ಕೆ ಸಾಕಾಗುವಷ್ಟು ಅಕ್ಕಿ ಅಲ್ಲಿ ಬೆಳೆಯುತ್ತಲೇ ಇರಲಿಲ್ಲವಂತೆ! ಅವರ ಅನ್ನದ ಅಕ್ಕಿ ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಕನ್ನಡ ಕರಾವಳಿಯಿಂದಲೇ. ಸಮುದ್ರ ಅವರ ಕೈಲಿ, ಅನ್ನದ ತಟ್ಟೆ ಕೆಳದಿಯವರ ಕೈಲಿ.

ಶಿವಪ್ಪ ನಾಯಕ ಸಮಯವನ್ನೂ ಸರಿಯಾಗಿ ನೋಡಿಕೊಂಡ. 1652ರಲ್ಲಿ ಸಿಂಹಳದಲ್ಲಿ ಡಚ್ಚರಿಗೂ ಪೋರ್ಚುಗೀಸರಿಗೂ ಮತ್ತೆ ಯುದ್ಧ ಶುರುವಾಗಿತ್ತು. ಪೋರ್ಚುಗೀಸರು ಇಲ್ಲಿಗೆ ಸೈನ್ಯ ಕಳಿಸಬೇಕೋ ಅಲ್ಲಿಗೆ ಕಳಿಸಬೇಕೋ? ಕೆಳದಿ ಸೈನ್ಯ ಒಂದೊಂದೇ ಕೋಟೆಗೆ ಮುತ್ತಿಗೆ ಹಾಕಿತು. 1654ರ ಹೊತ್ತಿಗೆ ಹೊನ್ನಾವರ, ಬಸರೂರು, ಮಂಗಳೂರು ಮೂರೂ ಕೆಳದಿಗೆ ಸೇರಿದವು. ಸುಮಾರು 85 ವರ್ಷದ ಬೀಗ ಮೂರೇ ವರ್ಷದೊಳಗೆ ಒಡೆಯಿತು. ಸಿಂಹಳದಲ್ಲೂ 1656ರಲ್ಲಿ ಕೊಲಂಬೊ ಡಚ್ಚರ ಪಾಲಾಯಿತು.

ಕರಾವಳಿ ಕಾಯಲು ಆತ ದಕ್ಷಿಣದಲ್ಲಿ ಬೇಕಲ, ಚಂದ್ರಗಿರಿ ಕೋಟೆಗಳನ್ನು ಕಟ್ಟಿಸಿದ. ಎರಡೂ ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿವೆ. ಬೇಕಲ ಕೋಟೆಯ ಬುಡಕ್ಕೇ ಸಮುದ್ರ ಬಡಿಯುತ್ತದೆ. ರಾಜ್ಯ ಕಳೆದುಕೊಂಡ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟವನೂ ಇವನೇ.

ಶಿಸ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಜಮೀನನ್ನು ಫಲವತ್ತತೆ ನೋಡಿ ಐದು ತರ ಮಾಡಿ, ಬೆಳೆಯ ಮೂರನೇ ಒಂದು ಪಾಲು ಕಂದಾಯ ಇಟ್ಟ. ನ್ಯಾಯವಾದ ಲೆಕ್ಕ ಅಂತ ಎಲ್ಲರೂ ಹೊಗಳುತ್ತಾರೆ. ನಮ್ಮಜ್ಜ ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆಯೇನಲ್ಲ ಮಗಾ ಅಂದರು. ಅದೂ ಸರಿಯೇ. ಕೋಟೆ ಗೆದ್ದ ಸೈನ್ಯ ಉಂಡದ್ದು ಆ ಪಾಲನ್ನೇ. ಆ ರೈತರ ಹೆಸರು ನಾನು ಓದಿದ ಪುಸ್ತಕದಲ್ಲಿ ಒಂದೂ ಇಲ್ಲ.

ಶಿವಪ್ಪ ನಾಯಕ 1660ರಲ್ಲಿ ತೀರಿಕೊಂಡ. ಮುಂದಿನ ಅರಸರ ಕಾಲದಲ್ಲಿ ಪೋರ್ಚುಗೀಸರು ಮತ್ತೆ ಬಂದರು, ಆದರೆ ಈ ಸಲ ಕೆಳದಿಯವರ ಜೊತೆ ಒಪ್ಪಂದ ಮಾಡಿಕೊಂಡು ವ್ಯಾಪಾರಕ್ಕೆ ಬಂದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಬಂದರುಗಳೂ ಅವನ ಕೈ ಸೇರಿದವು. ಶಿವಪ್ಪ ನಾಯಕನ ಹತ್ತಿರ ಇಲ್ಲದಿದ್ದ ಯುದ್ಧದ ಹಡಗುಗಳನ್ನು ಹೈದರ್ ಅದೇ ಕರಾವಳಿಯಲ್ಲಿ ಕಟ್ಟಿಸಲು ಶುರು ಮಾಡಿದ.