ಕೆಮ್ಮಣ್ಣುಗುಂಡಿಯ ಅದಿರು, ಭದ್ರಾವತಿಯ ಕುಲುಮೆ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಒಂದು ಅಧ್ಯಾಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕನ್ನಡಿಗರ ನೆನಪಿನಲ್ಲಿ ಕನ್ನಂಬಾಡಿಯ ನೀರಿನೊಡನೆ ಬೆಸೆದುಕೊಂಡಿದೆ. ಮಂಡ್ಯದ ಬಯಲಿಗೆ ಅವರು ನೀರು ತಂದವರು. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಅವರ ಪ್ರವೇಶವಾದದ್ದು ನೀರಿನ ಮೂಲಕವಲ್ಲ, ಕಬ್ಬಿಣದ ಮೂಲಕ. 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯಲ್ಪಡುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಇಳಿದ ಅದಿರು ಭದ್ರಾವತಿಯ ಕುಲುಮೆಯನ್ನು ಸೇರಿತು. ಆ ಕುಲುಮೆಯನ್ನು ಉಳಿಸಿಕೊಳ್ಳುವ ಹೊಣೆಯನ್ನು ಅವರು ಅಧಿಕಾರ ತ್ಯಜಿಸಿದ ಮೇಲೆ ಹೊತ್ತುಕೊಂಡರು. ಎಂಜಿನಿಯರ್, ಉದ್ಯಮ ನಿರ್ವಾಹಕ ಮತ್ತು ದಾನಿ ಎಂಬ ಅವರ ಮೂರು ಮುಖಗಳು ಒಂದೆಡೆ ಕೂಡಿ ಕಾಣುವುದು ಈ ಅಧ್ಯಾಯದಲ್ಲಿಯೇ ಎಂಬುದನ್ನು ತೋರಿಸಿಕೊಡುವುದು ಪ್ರಸ್ತುತ ಲೇಖನದ ಉದ್ದೇಶ.

ವಿಶ್ವೇಶ್ವರಯ್ಯನವರು ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದ ಆದಿಯಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿ ಬಂದ ಹಣದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವ್ಯಾಸಂಗವನ್ನು ಪೂರೈಸಿದರು. ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. ಸಾರ್ವಜನಿಕ ಹಣದಿಂದ ವಿದ್ಯೆ ಪಡೆದ ಈ ಸಂಗತಿಯನ್ನು ಅವರ ಮುಂದಿನ ನಡೆಗಳೊಡನೆ ಇಟ್ಟು ನೋಡಬೇಕು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ ಸಕ್ಕರ್ ನಗರದ ನೀರು ಸರಬರಾಜು, ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, ಸರದಿ ನೀರಾವರಿ ಪದ್ಧತಿ ಮೊದಲಾದ ಕಾರ್ಯಗಳಿಂದ ಹೆಸರಾದರು. ಆದರೂ ಇಲಾಖೆಯ ಅತ್ಯುನ್ನತ ಹುದ್ದೆ ಭಾರತೀಯನೊಬ್ಬನಿಗೆ ಸುಲಭವಾಗಿ ದಕ್ಕುವ ಕಾಲ ಅದಾಗಿರಲಿಲ್ಲ. ಆ ಸೇವೆಯಿಂದ ಹೊರಬಂದ ಅವರು, 1908ರ ಮೂಸಿ ನದಿಯ ಮಹಾಪ್ರವಾಹದ ನಂತರ ಹೈದರಾಬಾದಿನ ಪುನರ್ನಿರ್ಮಾಣಕ್ಕೆ ಸಲಹೆಗಾರರಾದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು.

1898ರಲ್ಲಿ ಅವರು ಜಪಾನ್ ದೇಶವನ್ನು ಕಂಡು ಬಂದಿದ್ದರು. ಏಷ್ಯಾದ ರಾಷ್ಟ್ರವೊಂದು ಶಿಕ್ಷಣ ಮತ್ತು ಕೈಗಾರಿಕೆಗಳ ಬಲದಿಂದ ಮೇಲೇಳಬಲ್ಲದೆಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು. 1913ರ ಮೈಸೂರು ಬ್ಯಾಂಕು, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಮತ್ತು ಸಾಬೂನು ಕಾರ್ಖಾನೆಗಳು ಅದೇ ನಂಬಿಕೆಯ ಫಲಗಳು. ಇವುಗಳಲ್ಲೆಲ್ಲ ಹೆಚ್ಚು ದುಬಾರಿಯೂ ಅಪಾಯಕರವೂ ಆದ ಯೋಜನೆಯೆಂದರೆ ಕಬ್ಬಿಣದ ಕಾರ್ಖಾನೆ.

ಈ ಯೋಜನೆಗೆ ಮಲೆನಾಡಿನ ಅಂಚು ಆಯ್ಕೆಯಾದುದಕ್ಕೆ ಕಾರಣಗಳಿವೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಉತ್ತಮ ಅದಿರು ಇತ್ತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ; ಆದರೆ ಇದ್ದಿಲಾಗಬಲ್ಲ ಮರ ತರೀಕೆರೆ, ಶಿವಮೊಗ್ಗಗಳ ಕಾಡುಗಳಲ್ಲಿ ಧಾರಾಳವಾಗಿತ್ತು. ಭದ್ರಾ ನದಿಯ ನೀರೂ ಸಮೀಪದ ಸುಣ್ಣಕಲ್ಲೂ ಒದಗುವಂತಿದ್ದವು. 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹರಿಹರಕ್ಕೆ ರೈಲುಮಾರ್ಗ ಬಂದಿತ್ತು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಕವಲು 1899ರಲ್ಲಿ ಸಿದ್ಧವಾಗಿತ್ತು. ಆ ಕವಲಿನ ಮೇಲಿದ್ದ ಬೆಂಕಿಪುರವೇ ಭದ್ರಾವತಿ ಎಂಬ ಹೆಸರು ಪಡೆಯಿತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಕಾರ್ಖಾನೆಯನ್ನು ತಲಪುವ ವ್ಯವಸ್ಥೆ ಏರ್ಪಟ್ಟಿತು. ಮರವನ್ನು ಬರಿದೆ ಸುಡದೆ ಬಟ್ಟಿ ಇಳಿಸಿದರೆ ಇದ್ದಿಲಿನೊಡನೆ ಟಾರು, ಮರದ ಮದ್ಯಸಾರ ಮತ್ತು ಆಸಿಟೇಟ್ ದೊರೆಯುತ್ತವೆ; ಇವುಗಳ ಮಾರಾಟದಿಂದ ಕಬ್ಬಿಣದ ವೆಚ್ಚವನ್ನು ತಗ್ಗಿಸಬಹುದೆಂಬುದು ಲೆಕ್ಕಾಚಾರವಾಗಿತ್ತು.

ನಿರ್ಮಾಣ ಆರಂಭವಾದ 1918ರಲ್ಲಿಯೇ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಸರಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಕಲ್ಪಿಸುವ ಪ್ರಶ್ನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ನಿಲುವಿಗೂ ಅವರ ನಿಲುವಿಗೂ ಹೊಂದಾಣಿಕೆಯಾಗಲಿಲ್ಲ. ಅರ್ಹತೆಯ ಮಾನದಂಡವನ್ನು ಸಡಿಲಿಸಲು ಅವರು ಒಪ್ಪಲಿಲ್ಲ. ಅವಕಾಶಗಳೇ ಕೆಲವರ ಪಾಲಾಗಿದ್ದ ಸಮಾಜದಲ್ಲಿ ಅರ್ಹತೆ ಎಂಬುದು ಹೇಗೆ ರೂಪುಗೊಳ್ಳುತ್ತದೆಂಬ ಪ್ರಶ್ನೆಯನ್ನು ಮಿಲ್ಲರ್ ಸಮಿತಿ ಎತ್ತಿಕೊಂಡಿತು. ಚರಿತ್ರೆಯ ಗತಿ ಸಮಿತಿಯ ಪರವಾಗಿ ಸಾಗಿತೆಂಬುದನ್ನು ಜೀವನಚರಿತ್ರೆಕಾರರು ಮರೆಮಾಚಬೇಕಾದ ಅಗತ್ಯವಿಲ್ಲ.

ಟಾಟಾ ಸಂಸ್ಥೆಯ ನಿರ್ವಹಣೆಯಲ್ಲಿ ಸಿದ್ಧವಾದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು. ಆ ವೇಳೆಗೆ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಯುದ್ಧಕಾಲದ ಬೆಲೆಗಳನ್ನು ನೆಚ್ಚಿದ್ದ ಅಂದಾಜುಗಳು ತಲೆಕೆಳಗಾದವು. ಇಷ್ಟು ದೊಡ್ಡ ಮೊತ್ತವನ್ನು ಕಾಡಿನ ನಡುವೆ ಸುರಿದದ್ದು ಸರಿಯೇ ಎಂಬ ಟೀಕೆ ಸಂಸ್ಥಾನದಲ್ಲಿ ಬಲವಾಗಿ ಕೇಳಿಬಂತು. ಆಗ ಮಹಾರಾಜರ ಸರಕಾರ ವಿಶ್ವೇಶ್ವರಯ್ಯನವರನ್ನೇ ಕರೆಯಿತು. ಭಿನ್ನಾಭಿಪ್ರಾಯದಿಂದ ಅಧಿಕಾರ ಬಿಟ್ಟು ಐದು ವರ್ಷ ಕಳೆದಿರಲಿಲ್ಲ. ದೂರವೇ ನಿಂತು ತಪ್ಪನ್ನು ನಂತರದವರ ಮೇಲೆ ಹೊರಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಆದರೆ ತಾವು ಆರಂಭಿಸಿದ ಕೆಲಸದ ನಷ್ಟಕ್ಕೆ ತಾವೇ ಉತ್ತರಿಸಲು ಅವರು ಒಪ್ಪಿಕೊಂಡು, 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು.

ಈ ಆರು ವರ್ಷಗಳಲ್ಲಿ ಅವರು ಎದುರಿಸಿದ್ದು ಕಟ್ಟಡದ ಸಮಸ್ಯೆಯನ್ನಲ್ಲ, ವ್ಯಾಪಾರದ ಸಮಸ್ಯೆಯನ್ನು. ಅಣೆಕಟ್ಟೆಯ ಯಶಸ್ಸನ್ನು ನೀರಿನ ಮಟ್ಟ ಹೇಳುತ್ತದೆ. ಕಾರ್ಖಾನೆಯ ಯಶಸ್ಸನ್ನು ಲೆಕ್ಕದ ಪುಸ್ತಕವೇ ಹೇಳಬೇಕು. ಅವರು ವೆಚ್ಚವನ್ನು ಬಿಗಿಹಿಡಿದರು. ಹೆಚ್ಚು ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ತರಬೇತಾದ ಮೈಸೂರಿನ ಯುವಕರನ್ನು ಕ್ರಮೇಣ ತಂದರು. ಬೀಡುಕಬ್ಬಿಣವನ್ನು ಹಾಗೆಯೇ ಅಗ್ಗಕ್ಕೆ ಮಾರುವುದಕ್ಕಿಂತ ನೀರಿನ ಕೊಳವೆಗಳನ್ನು ಎರಕ ಹೊಯ್ದು ಮಾರುವುದು ಲಾಭಕರವೆಂದು ಕಂಡು ಆ ವಿಭಾಗಕ್ಕೆ ಒತ್ತುಕೊಟ್ಟರು. ಕಾರ್ಖಾನೆ ಮುಚ್ಚಲಿಲ್ಲ. 1927ರ ಮೈಸೂರು ಪ್ರವಾಸದಲ್ಲಿ ಗಾಂಧೀಜಿಯವರೂ ಭದ್ರಾವತಿಗೆ ಬಂದು ಅದನ್ನು ವೀಕ್ಷಿಸಿದರು. ಚರಕದ ಆರ್ಥಿಕತೆಯನ್ನು ನಂಬಿದವರಿಗೂ ಯಂತ್ರದ ಆರ್ಥಿಕತೆಯನ್ನು ನಂಬಿದವರಿಗೂ ಇದ್ದ ಅಂತರ ಅಲ್ಪವಲ್ಲ. ಆದರೂ ಈ ನಾಡಿನ ಜನ ತಾವೇ ನಡೆಸಬಲ್ಲ ಉದ್ಯಮವೆಂಬುದು ಇಬ್ಬರಿಗೂ ಬೇಕಾದ ಸಂಗತಿಯಾಗಿತ್ತು. 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟ್ ತಯಾರಿಕೆಯೂ ಅಲ್ಲಿ ಸೇರಿಕೊಂಡವು.

ಈ ಸೇವೆಗಾಗಿ ಸರಕಾರ ಸಂದಾಯ ಮಾಡಲು ತೀರ್ಮಾನಿಸಿದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಯುವಕರಿಗೆ ಕೈಕಸುಬು ಮತ್ತು ತಾಂತ್ರಿಕ ಶಿಕ್ಷಣ ನೀಡುವ ಸಂಸ್ಥೆಗೆ ಅದು ವಿನಿಯೋಗವಾಗಲಿ ಎಂದು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ಅವರ ಹೆಸರಲ್ಲ, ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ವಿದ್ಯಾರ್ಥಿವೇತನದಿಂದ ಎಂಜಿನಿಯರ್ ಆದವರು ಕಬ್ಬಿಣದಿಂದ ಬಂದ ಹಣವನ್ನು ಮತ್ತೆ ವಿದ್ಯಾರ್ಥಿಗಳಿಗೇ ಹಿಂದಿರುಗಿಸಿದರು. ಅವರ ದಾನವನ್ನು ಅನುಕಂಪದ ದಾನವೆನ್ನುವುದಕ್ಕಿಂತ ಋಣಸಂದಾಯವೆನ್ನುವುದು ಹೆಚ್ಚು ಸಮಂಜಸ.

ಇಷ್ಟಾದರೂ ಈ ಅಧ್ಯಾಯವನ್ನು ಕೇವಲ ಸಾಧನೆಯ ಕಥೆಯಾಗಿ ಓದಲಾಗದು. ಇದ್ದಿಲಿನ ಕುಲುಮೆ ಕಾಡನ್ನು ತಿಂದು ಬದುಕುವಂಥದು. ಮಲೇರಿಯಾಪೀಡಿತ ಮಲೆನಾಡಿನಲ್ಲಿ ಮರ ಕಡಿದವರು, ಗುಡ್ಡದ ಮೇಲೆ ಅದಿರು ಅಗೆದವರು ಈ ಉದ್ಯಮದ ಭಾಗವೇ ಆಗಿದ್ದರು. ಬರಿದಾದ ಕಾಡಿನ ಬೆಲೆಯನ್ನಾಗಲಿ ಕೂಲಿಕಾರರ ಜ್ವರದ ಬೆಲೆಯನ್ನಾಗಲಿ ಅಂದಿನ ಯಾವ ಉದ್ಯಮದ ಲೆಕ್ಕವೂ ಒಳಗೊಳ್ಳುತ್ತಿರಲಿಲ್ಲ. ಶಿಸ್ತಿನ ಲೆಕ್ಕಕ್ಕೆ ಹೆಸರಾದ ವಿಶ್ವೇಶ್ವರಯ್ಯನವರ ದೃಷ್ಟಿಗೂ ಇದೇ ಮಿತಿಯಿತ್ತು.

1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಕಾರ್ಖಾನೆ ಅನಂತರ ಅವರ ಹೆಸರನ್ನೇ ಧರಿಸಿತು. ಕೆಮ್ಮಣ್ಣುಗುಂಡಿ ಇಂದು ಪ್ರವಾಸಿಗರ ಗಿರಿಧಾಮ. ಅಲ್ಲಿ ಗಣಿಗಾರಿಕೆ ನಿಂತಿದೆ. ಅಲ್ಲಿನ ಹೂದೋಟವನ್ನು ನೋಡಿ ಮರಳುವವರ ಕಣ್ಣಿಗೆ ಗುಡ್ಡದ ಕೆಂಪು ಗಾಯಗಳೂ ಬೀಳುತ್ತವೆ. ಅವುಗಳ ಹಿಂದೆ, ತಾನು ಕೈಗೊಂಡ ಕಾರ್ಯದ ನಷ್ಟಕ್ಕೆ ಬೆನ್ನು ತಿರುಗಿಸದೆ ಮತ್ತೆ ಬಂದು ಹೊಣೆ ಹೊತ್ತ ಎಂಜಿನಿಯರ್ ಒಬ್ಬರ ಆರು ವರ್ಷಗಳ ದುಡಿಮೆಯಿದೆ. ಕನ್ನಂಬಾಡಿಯಷ್ಟೇ ಇದೂ ಅವರ ವ್ಯಕ್ತಿತ್ವದ ಅಧ್ಯಯನಕ್ಕೆ ಮುಖ್ಯ ಆಕರವಾಗಬೇಕು.